ತವರಿನ ತಂಬಿಗೆ

ಶಿವಬಸವ ನಗರದ ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು ಮಾಲಾ. ಅವಳಿಗಿಂತ ಮೊದಲೇ ಸಿದ್ಧವಾಗಿ ಕೂತಿರುವುದು ಅವಳ ತಾಮ್ರದ ತಂಬಿಗೆ. ಮಲಗುವ ಮುನ್ನ ಅದಕ್ಕೆ ನೀರು ತುಂಬಿ, ಬಾಯಿಗೆ ಬಿಳಿ ಅರಿವೆ ಕಟ್ಟಿ ದೇವರ ಜಗಲಿಯ ಮೇಲೆ ಇಡುತ್ತಿದ್ದಳು. ಬೆಳಿಗ್ಗೆ ಮಿಂದು, ವಿಭೂತಿ ಧರಿಸಿ, ಎಡಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು ಅದೇ ನೀರಿನಿಂದ ಮಜ್ಜನ ಮಾಡಿಸುವಳು. ಆಮೇಲೆ ಮಗ ಅನಿಕೇತ, ಮಗಳು ಸಮೃದ್ಧಿ ಹಲ್ಲುಜ್ಜಿಕೊಂಡು ಬಂದು ಬೊಗಸೆ ಒಡ್ಡಬೇಕು. ಮೊದಲು ಪಾದೋದಕ. ನಂತರ ತಂಬಿಗೆಯಲ್ಲಿ ಉಳಿದಷ್ಟನ್ನೂ ಇಬ್ಬರೂ ಹಂಚಿಕೊಂಡು ಖಾಲಿ ಹೊಟ್ಟೆಯಲ್ಲಿ ಕುಡಿಯಬೇಕು. ಅದು ಮುಗಿಯುವ ತನಕ ಆ ಮನೆಯೊಳಗೆ ಚಹಾಕ್ಕೆ ಪ್ರವೇಶವಿರಲಿಲ್ಲ.

ತಂಬಿಗೆ ಖಾನಾಪುರದ ತವರಿನದು. ಮಾಲಾಳ ತಂದೆ ಗುರುಪುತ್ರಪ್ಪ ಮದುವೆಯಲ್ಲಿ ಕೊಟ್ಟದ್ದು. ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಅದರ ಮೇಲೆ ಕೆತ್ತಿಸಿದ ಹೆಸರು ಅರ್ಧ ಅಳಿಸಿಹೋಗಿತ್ತು.

ಅತ್ತೆ ನಿಂಗವ್ವ ಮಾಲಾಳಿಗೆ ಅಜ್ಜಿಯೂ ಹೌದು. ಮಾಲಾ ನಾಲ್ಕು ವರ್ಷದವಳಿದ್ದಾಗ ತಾಯಿ ವಿಷಮಜ್ವರದಲ್ಲಿ ತೀರಿಕೊಂಡಳು. ಹೆತ್ತ ಮಗಳನ್ನು ಮಣ್ಣು ಮಾಡಿ ಬಂದ ನಿಂಗವ್ವ, "ಆಕಿ ಅಂತೂ ಹ್ವಾದ್ಲು, ಆಕಿ ಕೂಸನ್ನರ ನನ್ನ ಕಣ್ಣಮುಂದ ಇಟ್ಕೋತೀನಿ" ಎಂದು ಅಂದೇ ಹೇಳಿದ್ದಳಂತೆ. ಹದಿನಾರು ವರ್ಷ ಕಾದು ಕಿರಿಮಗ ಬಾಳೇಶನಿಗೆ ತಂದುಕೊಂಡಳು. ಸೋದರಮಾವನ ಮದುವೆ ನಮ್ಮ ಕಡೆ ಹೊಸದೇನಲ್ಲ. ಹಾಲಿಗೆ ಹಾಲೇ ಕೂಡಿತು ಎಂದು ಹೇಳಿ ಬೀಗರೆಲ್ಲ ಹುಗ್ಗಿ ಉಂಡು ಹೋದರು. ಮಾಲಾ ಗಂಡನನ್ನು ಇಂದಿಗೂ ಮಾಮಾ ಎನ್ನುತ್ತಾಳೆ, ಅತ್ತೆಯನ್ನು ಆಯಿ ಎನ್ನುತ್ತಾಳೆ. ಮಕ್ಕಳೂ ಆಯಿ ಎಂದೇ ಕರೆಯುವುದರಿಂದ ಆ ಮನೆಯಲ್ಲಿ ಎರಡು ತಲೆಮಾರಿಗೆ ಒಬ್ಬಳೇ ಅಜ್ಜಿ.

ಎರಡು ವರ್ಷದ ಹಿಂದೆ, ಒಂಬತ್ತನೆಯ ತರಗತಿಯಲ್ಲಿದ್ದಾಗ, ಅನಿಕೇತನಿಗೆ ಕಾಮಾಲೆ ಆಗಿತ್ತು. ಬಾಳೇಶ ದವಾಖಾನೆಗೆ ಹೊರಟು ನಿಂತಿದ್ದ. ಗುರುಪುತ್ರಪ್ಪ ಖಾನಾಪುರದಿಂದ ಫೋನು ಮಾಡಿ, "ಕಾಮಣಿಗೆ ಇಂಗ್ಲಿಷ್ ಔಷಧ ಎಲ್ಲೈತೋ ಬಾಳೇಶಾ? ಹುಡುಗನ್ನ ಇಲ್ಲಿ ಕರಕೊಂಡ ಬಾ" ಎಂದರು. ಅಲ್ಲೊಂದು ಹಳ್ಳಿಯಲ್ಲಿ ಸೊಪ್ಪಿನ ರಸ ಕೊಡುವವನಿದ್ದ. ಮೂರು ದಿನ ರಸ, ಹದಿನೈದು ದಿನ ಉಪ್ಪಿಲ್ಲದ ಅನ್ನ, ಮಜ್ಜಿಗೆ. ಹುಡುಗನ ಕಣ್ಣು ಮೊದಲಿನಂತೆ ಬೆಳ್ಳಗಾದವು. ಮಾಲಾ ಅಂದು ಲಿಂಗದ ಮುಂದೆ ಹರಕೆ ಹೊತ್ತಳು: ಇನ್ನು ನನ್ನ ಮಕ್ಕಳು ನಿನ್ನ ನೀರು ಕುಡಿಯದೆ ಬೇರೇನನ್ನೂ ಬಾಯಿಗಿಡುವುದಿಲ್ಲ.

ಮೊಬೈಲಿನಲ್ಲೂ ದಿನ ಬೆಳಗಾದರೆ ಅದೇ ಬರುತ್ತಿತ್ತು: ತಾಮ್ರದ ಪಾತ್ರೆಯ ನೀರು ಅಮೃತ, ರಾತ್ರಿಯಿಟ್ಟು ಬೆಳಿಗ್ಗೆ ಕುಡಿದರೆ ನೂರು ರೋಗ ದೂರ. ದೇವರೂ ಮೊಬೈಲೂ ಒಂದೇ ಮಾತು ಹೇಳುವ ಯೋಗ ಎಷ್ಟು ಜನಕ್ಕೆ ಸಿಕ್ಕೀತು? ಮಾಲಾ ಮಕ್ಕಳಿಬ್ಬರಿಗೂ ಶಾಲೆಗೆ ಒಯ್ಯಲು ತಾಮ್ರದ ಬಾಟಲಿ ಕೊಂಡುಕೊಟ್ಟಳು.

ಈ ವರ್ಷ ದೀಪಾವಳಿ ಮುಗಿದ ವಾರ, ಊಟಕ್ಕೆ ಕೂತಾಗ, ಅನಿಕೇತನ ಕೈಯಿಂದ ಬೇಳೆಸಾರಿನ ಬಟ್ಟಲು ಜಾರಿ ಬಿತ್ತು.

"ಈ ವಾರದಾಗ ಇದು ಮೂರನೇದ್ದು," ಎಂದ ಬಾಳೇಶ. ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಸೂಪರ್‌ವೈಸರ್ ಅವನು. ದಿನವಿಡೀ ಕಾದ ಕಬ್ಬಿಣದ ಮುಂದೆ ನಿಂತು ಬಂದವನ ತಲೆಯೂ ಅಷ್ಟೇ ಕಾದಿರುತ್ತಿತ್ತು. "ಕೈಗೇನ ಬೆಣ್ಣಿ ಹಚ್ಕೊಂಡಿಯೇನಲೇ?"

"ಜಾರ್ತು ಪಪ್ಪಾ."

"ಅದೇನ ಮಾತಾಡೂದು, ಬಾಯಾಗ ಏನರ ಇಟ್ಕೊಂಡಾವ್ರಂಗ? ತೆಗಿ ಬಾಯಿ. ಗುಟಕಾ ಶುರು ಮಾಡಿಯೇನು?"

ಅನಿಕೇತ ಬಾಯಿ ತೆರೆದ. ಒಳಗೆ ರೊಟ್ಟಿಯ ತುತ್ತಿತ್ತು, ಬೇರೇನೂ ಇರಲಿಲ್ಲ. ತುಟಿಯ ತುದಿಯಿಂದ ಜೊಲ್ಲು ಇಳಿಯಿತು. ಅದನ್ನು ಒರೆಸಿಕೊಳ್ಳಲು ಎತ್ತಿದ ಕೈ ನಡುಗುತ್ತ ಹೋಗಿ ಕೆನ್ನೆಗೆ ತಾಗಿತು. ಬಾಳೇಶನಿಗೆ ಅದು ಅಣಕದಂತೆ ಕಂಡಿತೋ ಏನೋ, ಫಟ್ಟೆಂದು ಒಂದು ಬಾರಿಸಿದ.

"ಬೆಳದ ಮಗನ ಮ್ಯಾಲೆ ಕೈ ಮಾಡ್ತಿ ಏನೋ ಬಾಳ್ಯಾ!" ನಿಂಗವ್ವ ತಾಟು ಸರಿಸಿ ಎದ್ದಳು. "ನೀ ಈ ವಯಸ್ಸಿನಾಗ ಭಾಳ ಶ್ಯಾಣ್ಯಾ ಇದ್ದಿ ಏನು?"

"ನೀ ಸುಮ್ನಿರು ಯವ್ವಾ. ಲಾಡ ಮಾಡಿ ಮಾಡಿ ನೀವಽ ಕೆಡಿಸೀರಿ."

ಹನ್ನೊಂದು ವರ್ಷದ ಸಮೃದ್ಧಿ ಅರಿವೆ ತಂದು ನೆಲ ಒರೆಸುತ್ತ, "ಅಣ್ಣನ ಅಕ್ಷರಾ ನೋಡ್ರಿ ಪಪ್ಪಾ, ಇರಿವಿ ಶಾಯಿ ಕುಡದ ಓಡ್ಯಾಡಿದಂಗ ಆಗ್ಯಾವು" ಎಂದಳು. ನಗಿಸಲೆಂದೇ ಹೇಳಿದ್ದು, ಯಾರೂ ನಗಲಿಲ್ಲ. ಆಮೇಲೆ ಮಾಲಾ ಅವನ ನೋಟುಬುಕ್ಕು ತೆರೆದು ನೋಡಿದಳು. ಅಕ್ಷರಕ್ಕೆ ಬಹುಮಾನ ತಂದಿದ್ದ ಹುಡುಗ. ಈಗ ಒಂದು ಸಾಲು ಇನ್ನೊಂದರ ಮೇಲೆ ಬಿದ್ದಿತ್ತು.

ಓಣಿಯ ಡಾಕ್ಟರು ಅಶಕ್ತಿ ಎಂದು ಹೇಳಿ ಟಾನಿಕ್ ಬರೆದರು. ಅಶಕ್ತಿ ಎಂದ ಮೇಲೆ ಮನೆಯ ಹೆಂಗಸರಿಗೆ ಬೇರೆ ಯಾರಾದರೂ ಹೇಳಬೇಕೆ? ಶೇಂಗಾ ಉಂಡಿ, ಎಳ್ಳು ಹೋಳಿಗೆ ಡಬ್ಬಿ ತುಂಬಿದವು. ಗುರುಪುತ್ರಪ್ಪ ಖಾನಾಪುರದಿಂದ ಎರಡು ಕಿಲೋ ಗೋಡಂಬಿ ಹೊತ್ತು ತಂದರು. ಮಾಲಾ ದಿನಾ ಹತ್ತು ಗೋಡಂಬಿ ಎಣಿಸಿ ಮಗನ ಕೈಗೆ ಹಾಕಿ, ತಂಬಿಗೆ ನೀರು ಕೊಡುತ್ತಿದ್ದಳು. ಅವನ ಪಾಲಿಗೆ ಒಂದು ಲೋಟ ಹೆಚ್ಚು.

ನಿಂಗವ್ವ ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಹಾಗೆ ನಿವಾಳಿಸುವಾಗಲೇ ಒಂದು ದಿನ ಹುಡುಗನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

"ಮಾಲೂ, ಇಲ್ಲಿ ಬಾ. ಇವನ ಕಣ್ಣ ನೋಡು. ಕರಿಗುಡ್ಡಿ ಸುತ್ತ ಬಂಗಾರದ ಬಳಿ ಹಾಕಿದಂಗ ಕಾಣಸ್ತೈತಿ."

ಮಾಲಾ ನೋಡಿದಳು. ಹೌದು, ಕಣ್ಣಿನ ಕಪ್ಪಿನ ಅಂಚಿಗೆ ಹೊಂಬಣ್ಣದ ತೆಳು ಗೆರೆ ಸುತ್ತಿಕೊಂಡಿತ್ತು.

"ದೇವರ ಕಣ್ಣವಾ ಇವು," ಎಂದಳು ಮುದುಕಿ. "ದೈವ ಇದ್ದಾವ್ರಿಗೆ ಹಿಂಗ ಇರ್ತಾವಂತ ನಮ್ಮವ್ವ ಹೇಳತಿದ್ಲು. ಇವಗೇನೂ ಆಗೂದಿಲ್ಲ, ನೀ ಧೈರ್ಯಾ ಬಿಡಬ್ಯಾಡ."

ಮಾಲಾ ಅಂದು ಎಷ್ಟೋ ದಿನದ ಮೇಲೆ ಹೊಟ್ಟೆತುಂಬ ಉಂಡಳು.

ಆದರೂ ಅವಳು ಸುಮ್ಮನೆ ಕೂರಲಿಲ್ಲ. ಕಾಕತಿಯ ಗುಡ್ಡದ ಮೇಲಿನ ಗುಡಿಗೆ ಹನ್ನೊಂದು ಸೋಮವಾರ ಬರಿಗಾಲಲ್ಲಿ ಬರುತ್ತೇನೆಂದು ಹರಕೆ ಹೊತ್ತಳು. ಬಾಳೇಶ ಕುಹಕವಾಡಿದ:

"ಅಂಗೈಯಾಗ ಲಿಂಗಾ ಇಟ್ಕೊಂಡ ಗುಡ್ಡಾ ಯಾಕ ಹತ್ತತಿ? ಬಸವಣ್ಣ ಏನ ಹೇಳ್ಯಾನ, ಗೊತ್ತಿಲ್ಲೇನ ನಿನಗ?"

"ಗೊತ್ತೈತಿ ಮಾಮಾ. ಅಂಗೈಯಾಗಿದ್ದಾವ ಕೇಳವಲ್ಲ, ಅದಕ್ಕ ಹೊಂಟೀನಿ."

ಗುಡಿಯಲ್ಲಿ ನಿಂತು ಮಗನನ್ನು ವಾಸಿ ಮಾಡು ಎಂದು ಅವಳು ಕೇಳಲಿಲ್ಲ. ಅಷ್ಟು ದೊಡ್ಡದನ್ನು ಒಮ್ಮೆಲೇ ಕೇಳಲು ಅಂಜಿಕೆ. ಏನಾಗಿದೆ ಎಂಬುದನ್ನು ತೋರಿಸು, ಅಷ್ಟು ತೋರಿಸಿದರೆ ಸಾಕು, ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ ಎಂದಳು. ಪ್ರತಿ ಸೋಮವಾರ ಇದೊಂದೇ ಮಾತು.

ಏಳು ಸೋಮವಾರ ಮುಗಿದಿದ್ದವು. ಅನಿಕೇತನ ಪಿಯುಸಿ ಕಾಲೇಜಿನಿಂದ ಫೋನು ಬಂತು. ಹುಡುಗ ಹಲಗೆಯ ಮೇಲಿನದನ್ನು ಬರೆದುಕೊಳ್ಳುತ್ತಿಲ್ಲ, ಕಣ್ಣು ತೋರಿಸಿ ಎಂದರು. ಎಂಟನೆಯ ಸೋಮವಾರ ಗುಡ್ಡದಿಂದ ಇಳಿದವಳೇ ಮಗನನ್ನು ಕರೆದುಕೊಂಡು ಸದಾಶಿವನಗರದ ಕಣ್ಣಿನ ದವಾಖಾನೆಗೆ ಹೋದಳು. ಡಾಕ್ಟರ್ ಅನುಜಾ ಇನ್ನೂ ಚಿಕ್ಕ ವಯಸ್ಸಿನವಳು. ಹುಡುಗನ ಗಲ್ಲವನ್ನು ಯಂತ್ರದ ಮೇಲೆ ಇಡಿಸಿ ನೋಡಿದಳು. ಮತ್ತೊಮ್ಮೆ ನೋಡಿದಳು. ದೀಪ ಆರಿಸಿ, ಕುರ್ಚಿ ಎಳೆದುಕೊಂಡು ಮಾಲಾಳ ಹತ್ತಿರ ಕೂತಳು.

"ಅಕ್ಕಾರ, ಕಣ್ಣಾಗ ಈ ಬಳಿ ಎಷ್ಟ ದಿನದಿಂದ ಐತ್ರಿ?"

"ಅದು ದೇವರದ್ದರೀ," ಎಂದಳು ಮಾಲಾ. "ನಮ್ಮ ಆಯಿ ಹೇಳ್ಯಾರ."

ಡಾಕ್ಟರ್ ನಗಲಿಲ್ಲ. "ಅದು ತಾಮ್ರಾರೀ," ಎಂದಳು. "ಮೈಯಾಗ ತಾಮ್ರ ಹೆಚ್ಚಾಗಿ ಕಣ್ಣಿಗೆ ಬಂದ ಕುಂತದ. ನಾ ಚೀಟಿ ಬರಕೊಡ್ತೀನಿ, ಇವತ್ತಽ ದೊಡ್ಡ ದವಾಖಾನಿಗೆ ಹೋಗ್ರಿ. ನಾಳಿ ಅನಬ್ಯಾಡ್ರಿ."

ಮಾಲಾ ಚೀಟಿ ಹಿಡಿದು ಹೊರಗೆ ಬಂದಳು. ಅನಿಕೇತನ ಕೈಚೀಲದಲ್ಲಿ ತಾಮ್ರದ ಬಾಟಲಿ ಇತ್ತು. ಅವನು ಬಿರಡೆ ತೆಗೆದು ಕುಡಿಯಲು ಹೋದ. ಅವಳು ಕೈ ಹಿಡಿದುಕೊಂಡಳು. ಯಾಕೆ ಹಿಡಿದೆ ಎಂದು ಅವಳಿಗೇ ಆ ಹೊತ್ತಿನಲ್ಲಿ ಪೂರ್ತಿ ತಿಳಿದಿರಲಿಲ್ಲ.

ರಕ್ತ, ಮೂತ್ರ, ಹೊಟ್ಟೆಯ ಸ್ಕ್ಯಾನು, ತಲೆಯ ಸ್ಕ್ಯಾನು ಎಂದು ಹತ್ತು ದಿನ ಹೋದವು, ನಡುವಿನ ಸೋಮವಾರ ಗುಡ್ಡಕ್ಕೆ ಹೋಗಲಾಗಲಿಲ್ಲ. ಮನೆಯವರೆಲ್ಲರ ರಕ್ತ ಬೇಕೆಂದರು, ಸಮೃದ್ಧಿಯದನ್ನೂ ತೆಗೆದರು. ಹನ್ನೊಂದನೆಯ ದಿನ ದೊಡ್ಡ ಡಾಕ್ಟರು ಗಂಡ ಹೆಂಡತಿಯನ್ನು ಕೂಡಿಸಿಕೊಂಡು ಮೊದಲು ಕೇಳಿದ್ದೇ, "ನಿಮ್ಮದು ಸಂಬಂಧದಾಗ ಮದುವಿ ಏನ್ರಿ?"

"ಹೌದ್ರಿ," ಎಂದ ಬಾಳೇಶ. "ನಾ ಈಕಿಗೆ ಸೋದರಮಾವ."

ಡಾಕ್ಟರು ತಲೆ ಆಡಿಸಿ ಬರೆದುಕೊಂಡರು. ಆಮೇಲೆ ನಿಧಾನ ಬಿಡಿಸಿ ಹೇಳಿದರು. "ಎಲ್ಲಾರೂ ಉಣ್ಣೂದ್ರಾಗ ಒಂದೀಟ ತಾಮ್ರ ಇರ್ತದ. ಹೆಚ್ಚಾದದ್ದು ತಾನಽ ಹೊರಗ ಹೋಗ್ತದ. ನಿಮ್ಮ ಮಗನ ಮೈಯಾಗ ಆ ದಾರಿ ಹುಟ್ಟಿನಿಂದಽ ಬಂದ್ ಐತಿ. ತಾಯಿ ಕಡಿಂದ ಒಂದ ದೋಷ, ತಂದಿ ಕಡಿಂದ ಅದಽ ದೋಷ, ಎರಡೂ ಕೂಡಿದ್ರ ಹಿಂಗ ಆಗ್ತದ. ತಾಮ್ರ ಲಿವರಿನಾಗ ತುಂಬಿ, ಅಲ್ಲಿಂದ ಮೆದುಳಿಗೆ ಹೋಗೇತಿ. ಎರಡ ವರ್ಷದ ಹಿಂದ ಕಾಮಣಿ ಆಗಿತ್ತು ಅಂದ್ರಿ. ಆವಾಗ ರಕ್ತಾ ತಪಾಸ್ ಮಾಡಿಸಿದ್ರಿ?"

ಬಾಳೇಶ ಹೆಂಡತಿಯ ಮುಖ ನೋಡಿದ. ಮಾಲಾ ನೆಲ ನೋಡಿದಳು.

"ಆವಾಗ ಸಿಕ್ಕಿದ್ರ ಗುಳಿಗಿಯೊಳಗಽ ಹೋಗ್ತಿತ್ತು. ಈಗ ಲಿವರ್ ಭಾಳ ಕೆಟ್ಟೈತಿ. ಗುಳಿಗಿ ಶುರು ಮಾಡೂಣು. ಬ್ಯಾರೆ ಲಿವರ್ ಹಾಕೂ ವಿಚಾರ ಸೈತ ಮಾಡಬೇಕಾಗ್ತದ."

"ನಂದು ಕೊಡ್ತೀನ್ರಿ," ಎಂದ ಬಾಳೇಶ ಕೂಡಲೇ. ಹೊಡೆದ ಕೈಯನ್ನು ತೊಡೆಯ ಮೇಲೆ ಉಜ್ಜಿಕೊಳ್ಳುತ್ತಿದ್ದ.

ಡಾಕ್ಟರು ಇನ್ನೊಂದು ಕಾಗದ ತೆಗೆದರು. ಸಮೃದ್ಧಿಗೂ ಅದೇ ರೋಗ. ಆದರೆ ಅವಳ ಲಿವರ್ ಇನ್ನೂ ಚೆನ್ನಾಗಿದೆ. ದಿನಾ ಎರಡು ಹೊತ್ತು, ಊಟಕ್ಕೆ ಒಂದು ತಾಸು ಮೊದಲು ಗುಳಿಗೆ, ಇರುವ ತನಕ. "ಒಂದ ದಿನಾನೂ ತಪ್ಪಬಾರದು. ತಪ್ಪಲಿಲ್ಲಂದ್ರ ಈಕಿ ಎಲ್ಲಾರಂಗ ಬಾಳ್ತಾಳ."

ತಿನ್ನಬಾರದ್ದರ ಪಟ್ಟಿ ಕೊಟ್ಟರು. ಮಾಲಾ ಓದಿದಳು. ಗೋಡಂಬಿ, ಶೇಂಗಾ, ಎಳ್ಳು, ಚಾಕಲೇಟು, ಅಣಬೆ. ಮಗನಿಗೆ ಶಕ್ತಿ ಬರಲೆಂದು ತಾನು ತುರುಕಿದ್ದೆಲ್ಲ ಅದರಲ್ಲಿತ್ತು. ಕೊನೆಯ ಸಾಲು ಓದಿ ಅವಳು ತಲೆಯೆತ್ತಿದಳು.

"ಸಾಹೇಬ್ರ, ನಾ ತಾಮ್ರದ ತಂಬಿಗಿ ನೀರ ಕೊಡತಿದ್ನಿರಿ. ಮುಂಜಾನೆದ್ದು, ಬರಿ ಹೊಟ್ಟಿಲೆ. ಎರಡ ವರ್ಷ. ಅದರಿಂದ ಆತೇನ್ರಿ?"

"ಅದರಿಂದ ರೋಗ ಬರಲಿಲ್ಲವಾ. ರೋಗ ಹುಟ್ಟಿನಿಂದಽ ಬಂದದ್ದು. ನೀರಿನಿಂದ ಒಂದೀಟ ಕೂಡಿರಬಹುದು, ಇಲ್ಲನ್ನಂಗಿಲ್ಲ. ಇನ್ನ ಮ್ಯಾಲೆ ಕೊಡಬ್ಯಾಡ್ರಿ, ಅಷ್ಟಽ."

ಡಾಕ್ಟರು ಹೇಳಿದ್ದರಲ್ಲಿ ಮೊದಲಿನ ಎರಡು ಮಾತು ಬಾಳೇಶನಿಗೆ ಕೇಳಿದವು. ಮಾಲಾಳಿಗೆ ಮೂರನೆಯದು ಮಾತ್ರ ಕೇಳಿತು. ಅವಳು ಏನಾಗಿದೆ ತೋರಿಸು ಎಂದಿದ್ದಳು. ದೇವರು ತೋರಿಸಿದ್ದ.

ಮನೆಗೆ ಬಂದವಳೇ ಡಬ್ಬಿಗಳನ್ನು ಖಾಲಿ ಮಾಡತೊಡಗಿದಳು. ಶೇಂಗಾ ಚಟ್ನಿಪುಡಿ, ಉಂಡಿ, ಗೋಡಂಬಿ ಎಲ್ಲ ಒಂದು ಚೀಲಕ್ಕೆ ಬಿತ್ತು. ನಿಂಗವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಏನ ಅಂದ್ರ ಡಾಕ್ಟರು? ಯಾರರ ಬಾಯಿ ಬಿಡ್ರಿ."

"ಮಾಮಾ ಸೊಸಿ ಮದುವಿ ಆಗಬಾರದಿತ್ತಂತ ಯವ್ವಾ," ಎಂದ ಬಾಳೇಶ. ಮೆತ್ತಗೆ ಹೇಳಬೇಕಾದ್ದನ್ನು ಹೇಗೆ ಹೇಳಬೇಕೆಂದು ಅವನಿಗೆ ಯಾವತ್ತೂ ಗೊತ್ತಿರಲಿಲ್ಲ. "ಒಂದಽ ರಕ್ತಾ ಎರಡ ಕಡಿಂದ ಕೂಡಿ ಹುಡುಗರಿಗೆ ಬಂದೈತಂತ."

"ಹಂಗಂದ್ರ ನಾ ಮಾಡಿದ್ನಿ ಅನ್ನು."

"ನಾ ಹಂಗ ಅನ್ನಲಿಲ್ಲ."

"ಮತ್ತ ಹ್ಯಾಂಗ ಅಂದಿ? ತಾಯಿ ಇಲ್ಲದ ಕೂಸು, ಕಂಡವರ ಮನಿಯಾಗ ಹ್ಯಾಂಗ ಇರ್ತಾಳೋ ಅಂತ ನಾ ತಂದ್ಕೊಂಡ್ನಿ. ಅದು ತಪ್ಪಾತೇನು?"

ಮಾಲಾ ಎದ್ದು ಜಗಲಿಯ ಮೇಲಿನ ತಂಬಿಗೆ ತೆಗೆದುಕೊಂಡಳು. ನೀರನ್ನು ಬಚ್ಚಲಿಗೆ ಚೆಲ್ಲಿ, ಎರಡು ಬಾಟಲಿಗಳ ಜೊತೆ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು.

"ಅದನ್ಯಾಕ ಮುಚ್ಚಿಡ್ತಿ?" ಮುದುಕಿಯ ಧ್ವನಿ ಏರಿತು. "ಪಾದೋದಕದಾಗ ವಿಷಾ ಇರ್ತೈತಿ ಅಂದಾವ್ರ ಬಾಯಾಗ ಹುಳಾ ಬೀಳ್ತಾವು. ಅದು ದೇವರ ನೀರು!"

"ದೇವರ ನೀರ ಹೌದು ಆಯಿ. ಪಾತ್ರಿ ತಾಮ್ರದ್ದು."

ಮರುದಿನ ಗುರುಪುತ್ರಪ್ಪ ಖಾನಾಪುರದ ಬಸ್ಸಿನಲ್ಲಿ ಬಂದರು. ಧೋತರದ ಚುಂಗಿನಲ್ಲಿ ಸುತ್ತಿದ ಮಣ್ಣಿನ ಗಡಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದರು. ಅದನ್ನು ಅಡಿಗೆಮನೆಯ ಮೂಲೆಯಲ್ಲಿ ಇಡುತ್ತ, "ಇದರಾಗ ಏನೂ ಇಲ್ಲವಾ, ಬರೇ ನಮ್ಮೂರ ಮಣ್ಣು" ಎಂದರು. ಅಲ್ಲಿಂದ ಏಳಲಾಗದೆ ಅಲ್ಲೇ ಕೂತು ಅತ್ತರು. "ತಂಬಿಗಿ ಕೊಟ್ಟಾಂವಾ ನಾನು. ಕಾಮಣಿಗೆ ತಪ್ಪಲದ ರಸಾ ಕುಡಿಸಿದಾಂವಾನೂ ನಾನು. ಬಾಳೇಶ ದವಾಖಾನಿಗೆ ಹೊಂಟಿದ್ದ, ನಾ ಬ್ಯಾಡ ಅಂದ್ನಿ."

"ಇರ್ಲಿ ಬಿಡ್ರಿ ಅಪ್ಪಾ. ಚಹಾ ಮಾಡ್ತೀನಿ, ಏಳ್ರಿ," ಎಂದಳು ಮಾಲಾ. ಆ ಮನೆಯಲ್ಲಿ ಎಲ್ಲರೂ ಅವಳ ಮುಂದೆ ತಪ್ಪು ಒಪ್ಪಿಕೊಳ್ಳುವವರೇ. ಅವಳು ಯಾರ ಮುಂದೆ ಒಪ್ಪಿಕೊಳ್ಳಬೇಕು?

ಮೂರು ದಿನ ಅವಳು ಪೂಜೆ ಮಾಡಲಿಲ್ಲ. ನಾಲ್ಕನೆಯ ದಿನ ಸ್ಟೀಲಿನ ಬಟ್ಟಲಿನಲ್ಲಿ ನೀರು ತೆಗೆದುಕೊಂಡು ಕೂತಳು. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಸಿಟ್ಟು ಬಂತು. ಎರಡು ವರ್ಷ ನನ್ನ ಕೈಯಿಂದಲೇ ಕುಡಿಸಿದೆಯಲ್ಲ, ಒಂದು ದಿನವಾದರೂ ಕೈ ನಡುಗಿಸಬಾರದಿತ್ತೇ ಎಂದಳು. ಲಿಂಗ ಸುಮ್ಮನಿತ್ತು. ಆದರೂ ನೀರೆರೆದಳು. ಕೈ ರೂಢಿ ಬಿಡಲಿಲ್ಲ.

ಸೋಮವಾರ ಬರಿಗಾಲಲ್ಲಿ ಹೊರಟಳು. ಬಾಳೇಶ ಬಾಗಿಲಲ್ಲಿ ತಡೆದ.

"ಇನ್ನೂ ಹೋಗ್ತಿ? ಇಷ್ಟ ಆದ ಮ್ಯಾಲೂ?"

"ನಾ ತೋರಸಂದ್ನಿ, ಅಂವ ತೋರಿಸ್ಯಾನ ಮಾಮಾ. ಅಂವ ತನ್ನ ಮಾತ ನಡಸ್ಯಾನ, ಇನ್ನ ಮೂರ ಸೋಮಾರ ನಂದೂ ನಡೀಬೇಕು."

ಬಾಳೇಶ ಬಾಗಿಲು ಬಿಟ್ಟು ಸರಿದ. ಸ್ಕೂಟರ್ ತೆಗೆದು ಅವಳ ಹಿಂದೆ ನಡಿಗೆಯ ವೇಗದಲ್ಲೇ ಕಾಕತಿಯವರೆಗೆ ಬಂದ. ಗುಡ್ಡದ ಕೆಳಗೆ ಅವಳ ಚಪ್ಪಲಿ ಹಿಡಿದು ನಿಂತಿದ್ದು, ಇಳಿದ ಮೇಲೆ ಹಾಕಿಕೊಳ್ಳಲು ಕೊಟ್ಟ.

ದಿನಗಳು ಗುಳಿಗೆಯ ಮೇಲೆ ನಡೆಯತೊಡಗಿದವು. ಬೆಳಿಗ್ಗೆ ಏಳಕ್ಕೆ ಮೊಬೈಲು ಕೂಗಿದರೆ ಗುಳಿಗೆ, ಎಂಟಕ್ಕೆ ಉಪ್ಪಿಟ್ಟು. ಸಂಜೆ ಏಳಕ್ಕೆ ಗುಳಿಗೆ, ಎಂಟಕ್ಕೆ ರೊಟ್ಟಿ. ಸಮೃದ್ಧಿ ಮೊದಲ ವಾರ ಅತ್ತಳು, ಎರಡನೆಯ ವಾರ ತಾನೇ ತೆಗೆದುಕೊಂಡಳು. ಅನಿಕೇತನಿಗೆ ಗುಳಿಗೆ ನುಂಗುವುದೇ ಕಷ್ಟವಾಯಿತು. ಕಾಲು ಬಾತವು, ಹೊಟ್ಟೆ ಏರಿತು. ಮಾತು ಎಷ್ಟು ತೊದಲತೊಡಗಿತೆಂದರೆ ಮಾಲಾ, ಸಮೃದ್ಧಿ ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಾಳೇಶ ರಜೆ ಹಾಕಿ, ಲಿವರ್ ಕೊಡಲು ತನಗೆ ಮಾಡಬೇಕಾದ ತಪಾಸಣೆಗಳಿಗೆ ಓಡಾಡುತ್ತಿದ್ದ. ಮನೆಯಲ್ಲಿದ್ದಾಗ ಮಗನಿಗೆ ಅನ್ನ ಕಲಸಿ ಉಣಿಸುವವನು ಅವನೇ. ಅನ್ನ ಬಾಯಿಂದ ಚೆಲ್ಲಿದರೆ, "ಚೆಲ್ಲಲಿ ಬಿಡಪಾ, ನೆಲಾ ನಮ್ದಽ ಐತಿ" ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಅನಿಕೇತ ತಾಯಿಯ ಸೆರಗು ಹಿಡಿದ.

"ಮಮ್ಮಿ, ತಂಬಿಗಿ ನೀರ."

"ಗಡಗಿ ನೀರ ಕೊಡ್ತೀನಿ. ತಣ್ಣಗ ಐತಿ ನೋಡು."

"ಮಣ್ಣ ವಾಸನಿ." ಅಷ್ಟು ಹೇಳಲು ಅವನಿಗೆ ಎರಡು ಉಸಿರು ಬೇಕಾಯಿತು. "ಒಂದ ಗುಟುಕ. ದಿನಾ ಕೊಡತಿದ್ದಿ."

"ಆರಾಮಾಗು ನೀನು. ಆರಾಮಾದ ಮ್ಯಾಲೆ ನಾನಽ ಕೊಡ್ತೀನಿ."

"ಖರೇ?"

"ಖರೇನ," ಎಂದು ಮಾಲಾ ಸುಳ್ಳು ಹೇಳಿದಳು. ಅಡಿಗೆಮನೆಗೆ ಹೋಗಿ ನಳ ಬಿಟ್ಟು ಅತ್ತಳು. ಮಗನಿಗೆ ನೀರು ಇಲ್ಲವೆಂದ ಬಾಯಿ ಅದು, ಇನ್ನು ಅದಕ್ಕೆ ಯಾವ ಊಟ ರುಚಿಸೀತು!

ನಿಂಗವ್ವನ ಮನಸ್ಸು ಮಾತ್ರ ಒಪ್ಪಲಿಲ್ಲ. ಅನಿಕೇತನಿಗೆ ಪಾದೋದಕ ತಪ್ಪಿದ್ದರಿಂದಲೇ ಹೀಗೆ ಇಳಿಯುತ್ತಿದ್ದಾನೆ ಎಂಬುದು ಅವಳ ಲೆಕ್ಕ. ಮೊಮ್ಮಗಳಿಗಾದರೂ ತಪ್ಪಬಾರದು ಎಂದು ಪಕ್ಕದ ಮನೆಯಿಂದ ತಾಮ್ರದ ಗಿಂಡಿ ಇಸಿದುಕೊಂಡು, ತನ್ನ ಲಿಂಗಕ್ಕೆ ಎರೆದ ನೀರನ್ನು ಸಮೃದ್ಧಿಗೆ ದಿನಾ ಕೊಡುತ್ತಿದ್ದಳು. ನಾಲ್ಕನೆಯ ದಿನ ಮಾಲಾ ಕಂಡಳು. ಹುಡುಗಿಯ ಕೈಯಿಂದ ಗಿಂಡಿ ಕಿತ್ತು ಅಂಗಳಕ್ಕೆ ಎಸೆದಳು. ಹಿರಿಯರ ಮುಂದೆ ಒಂದು ದಿನವೂ ಧ್ವನಿ ಏರಿಸದವಳು.

"ಒಬ್ಬನ್ನ ನಾ ಕುಡಿಸಿ ಹಿಂಗ ಮಾಡೀನಿ! ಈಕಿನ್ನ ನೀ ಕುಡಿಸಿ ಮಾಡ್ತಿ ಏನು?"

"ಯವ್ವಾ, ನಾ ಆಕಿ ಕೆಟ್ಟದ್ದಕ್ಕ ಮಾಡ್ತೀನೇನ?"

"ಇಲ್ಲ ಆಯಿ. ನಾನೂ ಕೆಟ್ಟದ್ದಕ್ಕ ಮಾಡಿರಲಿಲ್ಲ."

ಮುದುಕಿ ಅಲ್ಲೇ ಕಂಬಕ್ಕೆ ಒರಗಿ ಕೂತಳು. ಆ ದಿನ, ಅದರ ಮರುದಿನ ಅವಳು ಉಣ್ಣಲಿಲ್ಲ. ಮೂರನೆಯ ದಿನ ಸಂಜೆ ಏಳಕ್ಕೆ ಮೊಬೈಲು ಕೂಗಿತು. ಮಾಲಾ ಅನಿಕೇತನ ಮೈ ಒರೆಸುತ್ತಿದ್ದಳು, ಏಳುವಂತಿರಲಿಲ್ಲ. ನಿಂಗವ್ವ ತಾನೇ ಎದ್ದು, ಗಡಿಗೆಯಿಂದ ನೀರು ಬಗ್ಗಿಸಿಕೊಂಡು, ಗುಳಿಗೆ ಬಿಡಿಸಿ ಮೊಮ್ಮಗಳ ಕೈಗೆ ಹಾಕಿದಳು. "ನುಂಗವಾ," ಎಂದಳು. ಆಮೇಲೆ ಮಾಲಾ ಒಂದು ತಾಟಿನಲ್ಲಿ ರೊಟ್ಟಿ ಹಾಕಿ ಅವಳ ಮುಂದಿಟ್ಟಳು. ಇಬ್ಬರೂ ಕೂಡಿ ಉಂಡರು.

ಶಿವರಾತ್ರಿ ಕಳೆದ ವಾರ, ಬೆಳಗಿನ ಹೊತ್ತು, ಅನಿಕೇತ ರಕ್ತ ಕಾರಿದ. ದವಾಖಾನೆಯಲ್ಲಿ ಎರಡು ದಿನ ಇಟ್ಟುಕೊಂಡರು. ಬಾಳೇಶನ ಲಿವರ್ ಹೊಂದುತ್ತದೆ ಎಂಬ ಕಾಗದ ಎರಡನೆಯ ದಿನ ಮಧ್ಯಾಹ್ನ ಬಂತು. ಆ ಕಾಗದವನ್ನು ಎಲ್ಲರಿಗೂ ತೋರಿಸುತ್ತ ಅವನು ವಾರ್ಡಿನ ಹೊರಗೆ ಓಡಾಡುತ್ತಿದ್ದಾಗಲೇ ಒಳಗೆ ಹುಡುಗನ ಉಸಿರು ನಿಂತಿತು.

ಸಂಜೆ ಮನೆಗೆ ತಂದರು. ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿಗೆ ಹೂವು ಹಾಕಿದರು. ಕೂರಿಸಿದ ಮೇಲೆ ಅವನ ಕೈ ನಡುಗುತ್ತಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಆ ಕೈಗಳು ಸುಮ್ಮನಿರುವುದನ್ನು ನೋಡಿ ಸಮೃದ್ಧಿ ಅಣ್ಣನ ಹತ್ತಿರ ಹೋಗಿ ಮುಟ್ಟಿ ಮುಟ್ಟಿ ನೋಡಿದಳು.

ಮಠದ ಅಯ್ಯನವರು ಬಂದರು. ಕೊನೆಯ ಪಾದೋದಕ ಕೊಡಬೇಕು, ನೀರು ತನ್ನಿ ಎಂದರು. ಗುರುಪುತ್ರಪ್ಪ ಎದ್ದು ಗಡಿಗೆಯ ನೀರನ್ನು ಸ್ಟೀಲಿನ ಬಟ್ಟಲಿನಲ್ಲಿ ತಂದರು.

"ಅದಲ್ಲ ಅಪ್ಪಾ," ಎಂದಳು ಮಾಲಾ.

ಎದ್ದು ಸೊಂಟದ ಕೀಲಿ ತೆಗೆದು ಒಳಗೆ ಹೋದಳು. ಟ್ರಂಕು ತೆಗೆದ ಸದ್ದು ಕೇಳಿಸಿತು. ತಂಬಿಗೆ ಹೊರಬಂದಾಗ ಎರಡು ತಿಂಗಳು ತಿಕ್ಕದೆ ಕಪ್ಪಾಗಿತ್ತು. ಅದನ್ನು ತೊಳೆದು, ನೀರು ತುಂಬಿ, ಎರಡೂ ಕೈಯಲ್ಲಿ ಹಿಡಿದು ತಂದು ಅಯ್ಯನವರ ಮುಂದಿಟ್ಟಳು. ನಿಂಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

"ಮಾಲಾ," ಎಂದ ಬಾಳೇಶ. "ಅದು..."

"ಆರಾಮಾದ ಮ್ಯಾಲೆ ಕೊಡ್ತೀನಂದಿದ್ನಿ ಮಾಮಾ." ಅವಳು ಅಯ್ಯನವರ ಕಡೆ ತಿರುಗಿದಳು. "ಕೊಡ್ರಿ ಅಯ್ಯಾರ. ಈಗ ಅವಗ ಏನೂ ಆಗೂದಿಲ್ಲ."

ಅಯ್ಯನವರು ಪಾದೋದಕ ಮಾಡಿ, ಹುಡುಗನ ತುಟಿಗೆ ನೀರು ಮುಟ್ಟಿಸಿದರು. ನೀರು ಗಲ್ಲದ ಮೇಲೆ ಇಳಿಯಿತು. ಮಾಲಾ ಸೆರಗಿನಿಂದ ಒರೆಸಿದಳು, ಮತ್ತೆ ಇಳಿಯಿತು, ಮತ್ತೆ ಒರೆಸಿದಳು. ಪಡಸಾಲೆ ತುಂಬ ಅಳು ಎದ್ದಿತು.

ತಂಬಿಗೆ ಕಂಡಿದ್ದೇ ತಡ, ಸಮೃದ್ಧಿಯ ಎರಡು ಕೈಗಳೂ ಕೂಡಿ ಬೊಗಸೆಯಾಗಿ ಮುಂದೆ ಬಂದಿದ್ದವು. ಎರಡು ವರ್ಷದಿಂದ ಬಂದ ರೂಢಿ, ಅವಳಿಗೇ ಗೊತ್ತಿರಲಿಲ್ಲ. ಮಾಲಾ ಆ ಬೊಗಸೆಯನ್ನು ತನ್ನ ಕೈಯೊಳಗೆ ತೆಗೆದುಕೊಂಡು ಮೆಲ್ಲಗೆ ಮುಚ್ಚಿದಳು. ಒಳಗೆಲ್ಲೋ ಮೊಬೈಲು ಕೂಗುತ್ತಿತ್ತು, ಯಾರೂ ಅದನ್ನು ಆರಿಸಿರಲಿಲ್ಲ.

"ಗುಳಿಗಿ ತಗೊಂಡ್ಯಾ?" ಎಂದು ಕೇಳಿದಳು.

ಸಮೃದ್ಧಿ ಅಳುತ್ತ ಇಲ್ಲವೆಂದು ತಲೆಯಾಡಿಸಿದಳು.

"ಹೋಗವಾ. ಗಡಗಿ ನೀರಾಗ ತಗೋ. ಒಂದ ತಾಸ ಏನೂ ತಿನಬ್ಯಾಡ."